ಕತ್ತರಿ ಮೇಜಿನ ಸುತ್ತ

ಕತ್ತರಿಯಕ್ಕ ನೆಟ್ಟಗೆ ಒಂದು ಕಡೆ ಕೂತದ್ದನ್ನು ಹೊಲಿಗೆ ಅಂಗಡಿಯಲ್ಲಿ ಯಾರೂ ನೋಡಿಲ್ಲ. ಮಧ್ಯಾಹ್ನದ ಊಟದ ಡಬ್ಬಿಯನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ತಿನ್ನುತ್ತಾಳೆ. ಎರಡು ತುತ್ತು ಬಾಯಿಗಿಟ್ಟು ಬಾಗಿಲವರೆಗೆ ಹೋಗಿ ಬರುತ್ತಾಳೆ, ಮತ್ತೆ ಎರಡು ತುತ್ತು.

"ನಿನ್ನ ಕಾಲಿಗೆ ಯಾರೇ ಚಕ್ರ ಕಟ್ಟಿದ್ದು? ನೋಡಿ ನೋಡಿ ನನಗೆ ತಲೆ ಸುತ್ತುತ್ತೆ" ಎನ್ನುತ್ತಾಳೆ ಗುಂಡಿ ಅಜ್ಜಿ. ಅಂಗಿಗಳಿಗೆ ಗುಂಡಿ ಹೊಲಿಯುವುದೇ ಅವಳ ಕೆಲಸವಾದ್ದರಿಂದ ಆ ಹೆಸರು.

"ನನ್ನ ಯಾಕೆ ನೋಡ್ತೀಯ ಅಜ್ಜಿ? ಸೂಜಿ ನೋಡು."

ಅಂಗಡಿ ಇರುವುದು ಮಹಡಿಯ ಮೇಲೆ. ಬೀದಿಯ ಕಡೆಗೆ ಸಾಲಾಗಿ ಮೆಷಿನ್ನುಗಳು, ಹಿಂದಿನ ಗೋಡೆಯ ಹತ್ತಿರ ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಮೆಷಿನ್ನಿನವರು ಕೂತು ಕೆಲಸ ಮಾಡುತ್ತಾರೆ, ಕತ್ತರಿಯವಳು ನಿಂತು. ಈ ಒಂದು ಕಾರಣಕ್ಕೇ ಕತ್ತರಿಯಕ್ಕನಿಗೆ ಆ ಮೇಜು ಪ್ರಾಣ. ಅವಳ ನೋವು ಸೊಂಟದ ಎಡಗಡೆಯಲ್ಲಿ ಹುಟ್ಟುತ್ತದೆ, ತೊಡೆಯ ಹಿಂಭಾಗದಲ್ಲಿ ಸರಸರನೆ ಇಳಿಯುತ್ತದೆ, ಹಿಮ್ಮಡಿಯ ಹತ್ತಿರ ಎಲ್ಲೋ ಸೂಜಿಯ ಹಾಗೆ ಮುರಿದು ನಿಲ್ಲುತ್ತದೆ. ಕೂತರೆ ಅದು ಬೆಂಕಿ. ನಿಂತರೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಮೇಲೆ ಎಳೆಯುತ್ತದೆ. ನಡೆದರೆ ಮಾತ್ರ ಒಂದಿಷ್ಟು ಸಡಿಲ ಬಿಡುತ್ತದೆ. ಹಾಗಾಗಿ ಅವಳು ಮೇಜಿನ ಸುತ್ತ ನಡೆಯುತ್ತಲೇ ಬಟ್ಟೆ ಹಾಸುತ್ತಾಳೆ, ನಡೆಯುತ್ತಲೇ ಗೆರೆ ಎಳೆಯುತ್ತಾಳೆ. ನೋಡುವವರಿಗೆ ಅದು ಕೆಲಸದ ಚುರುಕು.

ಅವಳು ನೋವಿನ ಮಾತನ್ನು ಅಂಗಡಿಯಲ್ಲಿ ಎತ್ತಿದವಳಲ್ಲ. ಹಿಂದೊಮ್ಮೆ ಕಾಲರ್ ಹೊಲಿಯುವವಳು ಹೆಗಲುನೋವು ಅಂದಾಗ ಅಂಗಡಿ ನಡೆಸುವ ಮಾಸ್ಟರ್ ಬಹಳ ಪ್ರೀತಿಯಿಂದಲೇ "ಆರಾಮಾಗಿ ಬಾರಮ್ಮ" ಎಂದು ಮನೆಗೆ ಕಳಿಸಿದ್ದರು. ಅವಳು ಆರಾಮಾಗಿ ಬರುವಷ್ಟರಲ್ಲಿ ಅವಳ ಮೆಷಿನ್ನಿನ ಮುಂದೆ ಬೇರೆಯವಳು ಕೂತಿದ್ದಳು. ಮಾಸ್ಟರ್ ಕೆಟ್ಟವರಲ್ಲ, ಮೆಷಿನ್ನು ಸುಮ್ಮನೆ ನಿಲ್ಲುವಂತಿರಲಿಲ್ಲ ಅಷ್ಟೇ. ಅಂದಿನಿಂದ ಕತ್ತರಿಯಕ್ಕ ಸೊಂಟದ ಬೆಲ್ಟನ್ನು ಬಟ್ಟೆಯ ಒಳಗೇ ಬಿಗಿಯುತ್ತಾಳೆ. ಮೈಯಿಂದ ಮುಲಾಮಿನ ವಾಸನೆ ಬಂದರೆ, ಶೀತ ಎನ್ನುತ್ತಾಳೆ.

ಆಸ್ಪತ್ರೆಗೆ ಹೋಗಿಲ್ಲವೆಂದಲ್ಲ. ಬೀಗ ರಿಪೇರಿ ಮಾಡುವ ಗಂಡ ಅಂಗಡಿ ಮುಚ್ಚಿ ಅವಳನ್ನು ಕರೆದುಕೊಂಡು ಹೋಗಿದ್ದ. ಇಲ್ಲಿ ಮೂಳೆ ಡಾಕ್ಟರು ಇಲ್ಲ, ದೂರದಿಂದ ಯಾವಾಗಲೋ ಒಮ್ಮೆ ಬರುತ್ತಾರೆ, ಬಂದ ದಿನ ಜಾತ್ರೆಯಷ್ಟು ಜನ. ಸಿಕ್ಕಿದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇದರಲ್ಲಿ ಎಲ್ಲ ಕಾಣುವುದಿಲ್ಲ, ಸ್ಕ್ಯಾನ್ ಬೇಕು, ಅದು ಇಲ್ಲಿಲ್ಲ ಎಂದರು. ಆಪರೇಷನ್ ಮಾಡಿದರೂ ನೋವು ಹೋಗೇ ಹೋಗುತ್ತದೆಂದು ಮಾತು ಕೊಡಲಾರೆ ಎಂದರು. ನಡೆಯುವುದು ಒಳ್ಳೆಯದೇ ಎಂದು ಮಾತ್ರೆ ಬರೆದರು.

"ತುಂಬಾ ಹೊತ್ತು ಕೂರಬೇಡಿ. ತುಂಬಾ ಹೊತ್ತು ನಿಲ್ಲಲೂಬೇಡಿ. ಬಗ್ಗಬೇಡಿ, ಭಾರ ಎತ್ತಬೇಡಿ."

"ಹಾರಬಹುದಾ ಡಾಕ್ಟ್ರೇ?" ಎಂದು ಕೇಳಿದ್ದಳು. ಡಾಕ್ಟರು ನಕ್ಕರು. ಗಂಡ ನಗಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ, "ತಡಿ, ನಿನ್ನ ಸೊಂಟಕ್ಕೂ ಒಂದು ಕೀಲಿಕೈ ಮಾಡ್ತೀನಿ" ಅಂದ. ಮಾತ್ರೆ ನೋವಿಗಿಂತ ಮೊದಲು ಹೊಟ್ಟೆಯನ್ನು ಸುಟ್ಟಿತು. ನಡಿಗೆಯೊಂದು ಉಳಿಯಿತು.

ಬ್ಯಾಂಡ್ ತಂಡಕ್ಕೆ ಕೋಟು ಹೊಲಿಯುವ ಕೆಲಸ ಬಂದದ್ದು ಆಮೇಲೆ. ಕೆಂಪು ಬಟ್ಟೆ. ಒಂದು ಮುಖ ಮಿಂಚು, ಇನ್ನೊಂದು ಮುಖ ಮಂಕು. ಮಿಂಚು ಮೇಲೆ ಬರುವಂತೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ತೋಳಿನ ಆಕಾರದ ರಟ್ಟನ್ನು ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಅದು ಎಡತೋಳು. ರಟ್ಟನ್ನು ಮಗುಚಿ ಹಾಕಿ ಮತ್ತೆ ಎಳೆದರೆ ಬಲತೋಳು. ಬೇರೆ ಅಂಗಡಿಗಳಲ್ಲಿ ರಟ್ಟಿನ ಒಂದು ಮುಖಕ್ಕೆ ಬಣ್ಣ ಬಳಿದಿರುತ್ತಾರಂತೆ. ಕತ್ತರಿಯಕ್ಕನಿಗೆ ಅದು ಬೇಕಾಗಿರಲಿಲ್ಲ. ಮಗುಚುವುದು ಅವಳ ಕೈಗೆ ಉಸಿರಾಟದಷ್ಟೇ ರೂಢಿ.

ಅಂದು ಎಡತೋಳಿನ ಗೆರೆ ಮುಗಿಸಿ ರಟ್ಟಿಗೆ ಕೈ ಹಾಕುವಾಗ ಸೊಂಟ ಹಿಡಿಯಿತು. ರಟ್ಟನ್ನು ಇದ್ದಲ್ಲೇ ಬಿಟ್ಟು ಅವಳು ಮೇಜಿನ ಸುತ್ತ ನಡೆದಳು. ಹಲ್ಲು ಕಚ್ಚಿ ಮತ್ತೊಂದು ಸುತ್ತು ಹೊರಟವಳು ಎದುರು ಬದಿಗೆ ಬಂದಾಗ ನೋವು ಸ್ವಲ್ಪ ಇಳಿದಿತ್ತು. ಅಲ್ಲಿಂದ ನೋಡಿದರೆ ರಟ್ಟು ಉಲ್ಟಾ ಕಂಡಿತು. ಮಗುಚಿದ್ದೇನೆ ಅಂದುಕೊಂಡಳು. ಅಲ್ಲೇ ನಿಂತು, ರಟ್ಟನ್ನು ಪಕ್ಕಕ್ಕೆ ಸರಿಸಿ ಗೆರೆ ಎಳೆದು, ಕತ್ತರಿಸಿಬಿಟ್ಟಳು.

ಮರುದಿನ ತೋಳು ಕೂಡಿಸುವವಳು ಎದ್ದು ನಿಂತು ಕೂಗಿದಳು. "ಅಕ್ಕಾ, ಈ ಬ್ಯಾಂಡಿನೋರಿಗೆಲ್ಲ ಎರಡೂ ಎಡಗೈಯಾ?"

ಅಂಗಡಿಯೆಲ್ಲ ಗೊಳ್ಳೆಂದಿತು. ಕತ್ತರಿಯಕ್ಕ ನಗದೆ ಇದ್ದುದನ್ನು ಕಂಡು ನಗು ಒಂದೊಂದು ಮೆಷಿನ್ನಿನಿಂದಲೂ ಆರಿಹೋಯಿತು.

ಮಾಸ್ಟರ್ ಬಂದು ಒಂದು ತೋಳನ್ನು ಎತ್ತಿ ನೋಡಿದರು, ಇನ್ನೊಂದನ್ನು ಎತ್ತಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೋಡಮ್ಮ, ನಿನ್ನ ಬೆನ್ನಿನ ವಿಷಯ ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯ?"

ಅವಳು ಅಜ್ಜಿಯ ಕಡೆ ತಿರುಗಿದಳು.

"ನನ್ನ ಯಾಕೆ ನೋಡ್ತೀಯ? ನಾನು ಹೇಳಿಲ್ಲ" ಅಂದಳು ಅಜ್ಜಿ. "ವರ್ಷವಿಡೀ ಶೀತ ಇರೋಳು ಊರಲ್ಲಿ ನೀನೊಬ್ಬಳೇ ಕಣೇ. ಈ ಗೋಡೆಗೂ ಗೊತ್ತು."

ಮಾಸ್ಟರ್ ಮೆಲ್ಲಗೆ ಹೇಳಿದರು. "ನಾಳೆಯಿಂದ ಮೆಷಿನ್ನಿಗೆ ಬಾ. ಕೂತು ಮಾಡೋ ಕೆಲಸ. ಸೊಂಟಕ್ಕೂ ಆರಾಮ."

ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದರು, ಅದೇ ಕಷ್ಟ. ಇಷ್ಟು ಕಾಲ ಬಚ್ಚಿಟ್ಟ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಮನೆಗೆ ಕಳಿಸಬಹುದು, ಹೇಳದಿದ್ದರೆ ಮೆಷಿನ್ನು. ನಿಂತಲ್ಲೇ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸಿದಳು.

"ಕೂರೋಕೇ ಆಗಲ್ಲ ಮಾಸ್ಟ್ರೇ. ನಡೆದ್ರೆ ಮಾತ್ರ ಬದುಕ್ತೀನಿ. ನಾನು ಸುತ್ತೋದು ಚುರುಕಿಗಲ್ಲ."

ಮಾಸ್ಟರ್ ಬಟ್ಟೆಯ ಕಡೆ ನೋಡಿದರು. "ಸರಿ. ಇದಕ್ಕೇನು ಮಾಡ್ತೀಯ? ತಿರುಗಿಸಿ ಹಾಕಿದ್ರೆ ಮಂಕು ಮೇಲೆ ಬರುತ್ತೆ. ಮಿಕ್ಕಿರೋದು ಬರೀ ತುಂಡು."

ಅವಳು ಆಗಲೇ ನಡೆಯತೊಡಗಿದ್ದಳು. ಒಂದು ಸುತ್ತು, ಇನ್ನೊಂದು ಸುತ್ತು. ಎಡಕ್ಕೂ ಬಲಕ್ಕೂ ಬೇರೆಯಾಗುವುದು ಹೆಗಲಿಗೆ ಕೂಡುವ ಮೇಲ್ಭಾಗ. ಮೊಣಕೈಯಿಂದ ಕೆಳಗೆ ಎರಡೂ ಒಂದೇ. ಹೆಚ್ಚಾಗಿರುವ ಎಡತೋಳುಗಳನ್ನು ಮೊಣಕೈಯಲ್ಲಿ ಕತ್ತರಿಸಿ, ಮೇಲ್ಭಾಗವನ್ನಷ್ಟೇ ತುಂಡುಗಳಲ್ಲಿ ಹೊಸದಾಗಿ ತೆಗೆದರೆ? ಜೋಡಿಸಿದ ಗೆರೆ ಕಾಣುತ್ತದೆ. ಕಾಲರಿಗೆಂದು ತಂದ ಜರಿ ಪಟ್ಟಿ ಇದೆಯಲ್ಲ, ಅದನ್ನು ಗೆರೆಯ ಮೇಲೆ ಸುತ್ತಿದರೆ, ಎರಡೂ ಕೈಗೆ ಸುತ್ತಿದರೆ...

ಇದನ್ನೆಲ್ಲ ಹೇಳುತ್ತ ಹೇಳುತ್ತ ಅವಳು ಇನ್ನೂ ಒಂದು ಸುತ್ತು ಮುಗಿಸಿದ್ದಳು. ಮಾಸ್ಟರ್ ಗಲ್ಲ ಕೆರೆದುಕೊಂಡರು. "ಮಾಡು. ಬ್ಯಾಂಡಿನೋರು ಒಪ್ಪಿದ್ರೆ ಮೇಜು ನಿಂದು. ಇಲ್ಲಾಂದ್ರೆ ನಾನೇ ನಿಲ್ತೀನಿ."

ಮಾಸ್ಟರ್ ನಿಂತರೆ ಅವಳಿಗೆ ಅಲ್ಲಿ ಜಾಗವಿಲ್ಲ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬ್ಯಾಂಡಿನ ಮುಖ್ಯಸ್ಥ ಕೋಟು ಹಾಕಿಕೊಂಡು ನೋಡಲು ಬಂದ ದಿನ ಅವಳ ಗಂಡನೂ ಏನೋ ನೆಪ ಮಾಡಿ ಮೆಟ್ಟಿಲ ಬಾಗಿಲಿನ ಬೀಗಕ್ಕೆ ಎಣ್ಣೆ ಬಿಡುತ್ತ ಕೂತಿದ್ದ. ಮುಖ್ಯಸ್ಥ ದಪ್ಪ ಆಸಾಮಿ. ಗುಂಡಿ ಹಾಕಿ, ಕನ್ನಡಿಯ ಮುಂದೆ ನಿಂತು, ಕಹಳೆ ಊದುವವನಂತೆ ಎರಡೂ ಕೈ ಎತ್ತಿದ. ಮೊಣಕೈ ಮಡಚಿತು. ಪಟ್ಟಿ ಅಲುಗಲಿಲ್ಲ. ಕತ್ತರಿಯಕ್ಕ ಮಾತ್ರ ಬಾಗಿಲಿಗೂ ಮೇಜಿಗೂ ಮಧ್ಯೆ ಓಡಾಡುತ್ತಿದ್ದಳು.

"ಈ ಪಟ್ಟಿ ನಾವು ಹೇಳಿರಲಿಲ್ವಲ್ಲ?"

ಎಲ್ಲ ಮೆಷಿನ್ನುಗಳೂ ನಿಂತವು.

ಮಾಸ್ಟರ್ ಗಂಟಲು ಸರಿಮಾಡಿಕೊಳ್ಳುವ ಮೊದಲೇ ಅವಳೇ ಅಂದಳು. "ತೋಳು ತಪ್ಪಾಗಿ ಕತ್ತರಿಸಿದ್ದೆ ಸ್ವಾಮಿ. ಜೋಡಿಸಿದ್ದೀನಿ. ಗೆರೆ ಕಾಣದಿರಲಿ ಅಂತ ಪಟ್ಟಿ."

ಮುಖ್ಯಸ್ಥ ಕೈಯನ್ನು ಹತ್ತಿರ ತಂದು ನೋಡಿಕೊಂಡ, ಎಳೆದು ನೋಡಿದ. "ನಮ್ಮ ಡೋಲಿನವನು ತಪ್ಪು ಮಾಡಿದ್ರೆ ಇನ್ನೂ ಜೋರಾಗಿ ಬಾರಿಸ್ತಾನೆ" ಎಂದು ನಕ್ಕ. "ಇರಲಿ, ಚೆನ್ನಾಗೇ ಇದೆ. ಬಿಚ್ಚಿಹೋದ್ರೆ ಮಾತ್ರ ನಿಮ್ಮನ್ನ ಬಿಡಲ್ಲ."

ಅವನು ಇಳಿದುಹೋದ ಮೇಲೆ ಮಾಸ್ಟರ್ ಕೆಂಪು ಬಣ್ಣದ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟರು. ಅವಳು ರಟ್ಟುಗಳನ್ನು ಗೋಡೆಯ ಮೊಳೆಯಿಂದ ಇಳಿಸಿ, ಒಂದೊಂದರ ಒಂದು ಮುಖಕ್ಕೆ ಬಣ್ಣ ಬಳಿದಳು. ಅಂದಿನಿಂದ ಬೆಲ್ಟನ್ನು ಬಟ್ಟೆಯ ಮೇಲೆಯೇ ಕಟ್ಟತೊಡಗಿದಳು. ನೋವು ಹಾಗೇ ಇತ್ತು.

ಕೋಟು ಹಾಕಿದ ಬ್ಯಾಂಡು ಮೊದಲ ಸಲ ಬೀದಿಯಲ್ಲಿ ಬಂದ ಸಂಜೆ ಜನ ಎರಡೂ ಬದಿ ಅಂಟಿಕೊಂಡು ನಿಂತಿದ್ದರು. ಗಂಡ ಅವಳಿಗೊಂದು ಒಳ್ಳೆಯ ಜಾಗ ಹಿಡಿದಿದ್ದ. ಅವಳು ಸ್ವಲ್ಪ ಹೊತ್ತು ನಿಂತಳು. ಸೊಂಟ ಎಳೆಯತೊಡಗಿತು.

"ಎಲ್ಲಿಗೆ ಹೊರಟೆ? ಇಲ್ಲಿಂದ ಚೆನ್ನಾಗಿ ಕಾಣುತ್ತೆ."

"ಬರ್ತೀನಿರಿ. ಆ ಡೋಲಿನವನ ಬಲಗೈ ನೋಡ್ಬೇಕು."

ಜನರನ್ನು ಸರಿಸಿಕೊಂಡು, ಬ್ಯಾಂಡಿನ ಪಕ್ಕದಲ್ಲೇ, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ ಅವಳು ನಡೆದಳು. ಕೋಲು ಮೇಲೇಳುತ್ತಿತ್ತು, ಮೊಣಕೈ ಮಡಚುತ್ತಿತ್ತು, ಹೊಲಿಗೆ ಹಿಡಿದಿತ್ತು. ಬೀದಿ ತಿರುಗಿತು. ಅವಳೂ ತಿರುಗಿದಳು.