ಆಯುಧಪೂಜೆಗೆ ಕಂಪ್ಯೂಟರಿಗೂ ಹೊಸದು

ಕೋವಿಡ್ ಕಳೆದ ಮೇಲೆ ಬಂದ ಎರಡನೆಯ ದಸರಾ. ಆಗ ನಾನು ಪೀಣ್ಯದ ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುವ ಸರ್ವಿಸ್ ಎಂಜಿನಿಯರ್. ಹೆಸರಿಗೆ ಎಂಜಿನಿಯರ್, ಕೆಲಸ ಮಾತ್ರ ಧೂಳು ಊದುವುದರಿಂದ ಹಿಡಿದು ಮಾಲೀಕರಿಗೆ ಸಮಾಧಾನ ಹೇಳುವವರೆಗೆ. ನನ್ನದು ಮೊದಲೇ ಮುಂಗೋಪ. ವಿಜಯದಶಮಿಯ ದಿನ ಒಬ್ಬಟ್ಟಿನ ಮುಂದೆ ಕೂತಿದ್ದಾಗ ಫೋನ್ ಬಂತು, ಗೊಣಗಿಕೊಂಡೇ ಹೊರಟೆ.

ಕರೆದವರು ಶಶಿಕಲಾ. ಹುಟ್ಟಿನಿಂದಲೋ ಕಾಯಿಲೆಯಿಂದಲೋ ಕಾಲು ಸೋತ ಮಕ್ಕಳಿಗೆ ಕಟ್ಟುವ ಲೋಹದ ಆಧಾರಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಅದರ ಮಂಡಿಯ ಕೀಲು ತಯಾರಿಸುವ ಪುಟ್ಟ ವರ್ಕ್‌ಶಾಪ್ ಅವರದು. ಮಗುವಿನ ಅಳತೆಯ ನಕ್ಷೆ ಕಂಪ್ಯೂಟರಿನಲ್ಲಿರುತ್ತದೆ, ಅದು ಹೇಳಿದಂತೆ ಯಂತ್ರ ಲೋಹ ಕತ್ತರಿಸುತ್ತದೆ. ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ತಂದೆಯಿಂದ ಶಶಿಕಲಾ ಅವರಿಗೆ ಕಸುಬೂ ಬಂದಿತ್ತು, ವಿಪರೀತ ಅಚ್ಚುಕಟ್ಟೂ ಬಂದಿತ್ತು.

ಬಾಗಿಲಲ್ಲಿ ಒಡೆದ ಬೂದುಗುಂಬಳ ದಾಟಿ ಒಳಗೆ ಹೋದರೆ, ಬೆಂಚಿನ ಮೇಲೆ ಮಲ್ಲಮ್ಮ ಎಂಬಾಕೆ ಮಗಳು ರೇಣುಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸ. ಹುಡುಗಿ ಬೆಳೆದಿದ್ದಳು, ಹಳೆಯ ಕ್ಯಾಲಿಪರ್ ಬಿಗಿಯಾಗಿ ಕಾಲು ಹುಣ್ಣಾಗಿತ್ತು. ಹೊಸದನ್ನು ಜೋಡಿಸುವ ಡಾಕ್ಟರು ಆಸ್ಪತ್ರೆಗೆ ಬರುವುದು ಮರುದಿನ ಬೆಳಿಗ್ಗೆ. ಅದು ತಪ್ಪಿದರೆ ಮತ್ತೆ ಮೂರು ತಿಂಗಳು. ಅಷ್ಟು ದಿನ ಆ ಮಗು ಕೂಲಿಗಳ ಶೆಡ್ಡಿನಲ್ಲಿ ಕೂತೇ ಇರಬೇಕಿತ್ತು. ಉಳಿದಿದ್ದು ಕೀಲು ಕತ್ತರಿಸುವುದೊಂದೇ, ಆದರೆ ಕಂಪ್ಯೂಟರ್ ತನ್ನ ಪಕ್ಕದಲ್ಲೇ ಇದ್ದ ಯಂತ್ರವನ್ನು ಗುರುತೇ ಹಿಡಿಯುತ್ತಿರಲಿಲ್ಲ.

“ಏನ್ ಮಾಡಿದ್ರಿ ಮೇಡಂ?”

“ಏನೂ ಇಲ್ಲ ಸಾರ್. ಆಯುಧಪೂಜೆ ಅಂತ ಮೆಷಿನ್‌ಗೆಲ್ಲ ಆಯಿಲ್ ಹಾಕಿ, ಬೆಲ್ಟ್ ಬದಲಾಯಿಸಿದ್ವಿ. ಕಂಪ್ಯೂಟರ್ ಒಂದೇ ಹಂಗೇ ಕೂತಿತ್ತು. ಪಾಪ, ಅದಕ್ಕೂ ಏನಾದ್ರೂ ಹೊಸದು ಇರ್ಲಿ ಅಂತ ಅಪ್‌ಡೇಟ್ ಹಾಕ್ದೆ. ಎಲ್ಲರಿಗಿಂತ ಮೊದಲು ಪಡೆಯಿರಿ ಅಂತ ಬಟನ್ ಇತ್ತು.”

ಅವರು ಹಾಕಿದ್ದು ಕಂಪ್ಯೂಟರನ್ನೇ ನಡೆಸುವ ಮೂಲ ಸಾಫ್ಟ್‌ವೇರಿನ ಬೀಟಾ. ಅಂದರೆ ತಯಾರಿಸಿದವರೇ ಇನ್ನೂ ಪೂರ್ತಿ ನೆಚ್ಚದ, ಬಳಸುವವರ ಕೈಗೆ ಕೊಟ್ಟು ತಪ್ಪು ಹುಡುಕಿಸುವ ಆವೃತ್ತಿ. ಹಳೆಯ ಯಂತ್ರದ ಭಾಷೆ ಅದಕ್ಕೆ ಬರುತ್ತಿರಲಿಲ್ಲ. ಸರಿ, ಹಿಂದಿನ ಆವೃತ್ತಿಗೆ ಮರಳೋಣವೆಂದು ನೋಡಿದರೆ ಅದಕ್ಕೆ ಬೇಕಾದ ಫೈಲುಗಳೇ ಮಾಯ.

“ಹಳೇದನ್ನ ಅಳಿಸ್ಲಾ ಅಂತ ಕೇಳ್ತು. ಪೂಜೆ ಹೊತ್ತಲ್ಲಿ ಹಳೇ ಕಸ ಯಾರಾದ್ರೂ ಇಟ್ಕೊಳ್ತಾರಾ ಸಾರ್? ಹೂಂ ಅಂದೆ.”

ನನಗೆ ರೇಗಿಹೋಯಿತು. “ಕಸ ಅಲ್ಲ ಕಣ್ರೀ ಅದು, ವಾಪಸ್ ಬರೋ ದಾರಿ!”

ಶಶಿಕಲಾ ತಲೆ ತಗ್ಗಿಸಿದರು. ಹಿಂದಿನಿಂದ ಮಲ್ಲಮ್ಮ ಮೆಲ್ಲಗೆ ಹೇಳಿದಳು: “ಸಾಹೇಬ್ರ, ಅಕ್ಕಾರಿಗೆ ಬೈಬ್ಯಾಡ್ರಿ. ನಮ್ಮ ಹುಡುಗಿ ಸಲುವಾಗಿ ಹಬ್ಬದಾಗ ಬಾಗಿಲಾ ತಗದಾರ.”

ತೆಪ್ಪಗೆ ಬ್ಯಾಗ್ ಬಿಚ್ಚಿದೆ.

ಬೀಟಾ ಇದ್ದ ಡಿಸ್ಕಿನಲ್ಲಿ ಏನನ್ನೂ ಅಳಿಸದೆ ಅದನ್ನು ಹೊರತೆಗೆದಿಟ್ಟೆ, ರೇಣುಕಾಳ ನಕ್ಷೆ ಇದ್ದದ್ದು ಅದರಲ್ಲೇ. ನನ್ನ ಬಳಿಯಿದ್ದ ಬೇರೆ ಡಿಸ್ಕ್ ಹಾಕಿ ಹಳೆಯ ಆವೃತ್ತಿ ತುಂಬಿದೆ, ನಕ್ಷೆಯನ್ನು ಅದಕ್ಕೆ ನಕಲು ಮಾಡಿದೆ. ಇನ್ನು ಬೇಕಾದದ್ದು ಯಂತ್ರ ನಡೆಸುವ ಸಾಫ್ಟ್‌ವೇರ್. ಯಂತ್ರ ಮಾಡಿದ ಕಂಪನಿ ಎಂದೋ ಮುಚ್ಚಿತ್ತು. ಸಾಫ್ಟ್‌ವೇರ್ ಇದ್ದದ್ದು ಯಂತ್ರದ ಜೊತೆ ಬಂದ ಒಂದು ಸಿಡಿಯಲ್ಲಿ ಮಾತ್ರ. ಇಷ್ಟು ಗುಡಿಸಿ ಒರೆಸಿದವರು ಅದನ್ನು ಗುಜರಿಗೆ ಹಾಕದೆ ಬಿಟ್ಟಾರೆಯೇ ಎಂದು ಅನುಮಾನಿಸುತ್ತಲೇ ಕೇಳಿದೆ.

“ಸಿಡಿ ಎಲ್ಲಿ ಮೇಡಂ?”

ಅವರು ಕಪಾಟಿನ ಕಡೆ ಹೋಗಲಿಲ್ಲ, ದೇವರ ಪಟದ ಕಡೆ ಹೋದರು. “ಮೆಷಿನ್ ಜೊತೆ ಬಂದಿದ್ದಲ್ವಾ ಸಾರ್, ಅದೂ ಆಯುಧಾನೇ ಅಂತ ಪೂಜೆಗೆ ಇಟ್ಟಿದ್ದೆ.”

ಸ್ಪ್ಯಾನರ್‌ಗಳ ನಡುವೆ, ಚೆಂಡುಹೂವಿನ ಕೆಳಗೆ ಸಿಡಿ ಮಲಗಿತ್ತು. ಮೈತುಂಬ ಅರಿಶಿನ ಕುಂಕುಮ. ಅವರು ಕೈಮುಗಿದು ಎತ್ತಿಕೊಟ್ಟರು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಡ್ರೈವ್ ಗರಗರ ಎಂದು ನಿಂತೇಬಿಟ್ಟಿತು. ಮತ್ತೆ ತೆಗೆದು, ಅಂಚಿನಲ್ಲಿ ಉಳಿದಿದ್ದ ಕುಂಕುಮ ಒರೆಸಿ ಹಾಕಿದೆ. ಈ ಸಲ ಓದಿತು. ಸಂಜೆಯ ಹೊತ್ತಿಗೆ ಯಂತ್ರ ಲೋಹ ಕತ್ತರಿಸುತ್ತಿತ್ತು, ಶಶಿಕಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮರುದಿನ ಯಾರೂ ಕರೆಯದಿದ್ದರೂ ಆಸ್ಪತ್ರೆಗೆ ಹೋದೆ. ರೇಣುಕಾ ಗೋಡೆ ಹಿಡಿದು ನಿಂತಳು, ಆಮೇಲೆ ಗೋಡೆ ಬಿಟ್ಟು ತಾಯಿಯವರೆಗೆ ನಡೆದಳು. ಮಲ್ಲಮ್ಮ ನನ್ನ ಕಡೆ ತಿರುಗಿ, “ನೋಡ್ರಿ ಸಾಹೇಬ್ರ” ಎಂದಳಷ್ಟೆ.

ಅಂದಿನಿಂದ ಬೀಟಾ ಬಗ್ಗೆ ಕೇಳುವವರಿಗೆ ಒಂದೇ ಮಾತು ಹೇಳುತ್ತೇನೆ. ನೋಡುವ ಆಸೆಯಿದ್ದರೆ ಕೆಲಸಕ್ಕಿಲ್ಲದ ಬೇರೆ ಕಂಪ್ಯೂಟರಿನಲ್ಲಿ ನೋಡಿ, ಹಿಂದಕ್ಕೆ ಬರುವ ದಾರಿಯನ್ನು ಮೊದಲೇ ಇಟ್ಟುಕೊಳ್ಳಿ. ನಿಮ್ಮ ಕಂಪ್ಯೂಟರನ್ನು ನಂಬಿ ಕೂತವರು ಯಾರೆಂದು ಆ ಬಟನ್‌ಗೆ ಗೊತ್ತಿರುವುದಿಲ್ಲ. ಹೇಳುವಾಗ ದನಿ ಏರದಂತೆಯೂ ನೋಡಿಕೊಳ್ಳುತ್ತೇನೆ. ತಮ್ಮ ಕಂಪ್ಯೂಟರಿಗೆ ಕೆಟ್ಟದ್ದು ಮಾಡಬೇಕೆಂದು ಯಾರೂ ಬೀಟಾ ಹಾಕುವುದಿಲ್ಲ.

ಮುಂದಿನ ವರ್ಷದ ಆಯುಧಪೂಜೆಗೆ ಶಶಿಕಲಾ ಅವರೇ ಫೋನ್ ಮಾಡಿದರು. ಮತ್ತೇನು ಅಳಿಸಿದರೋ ಎಂದು ಬ್ಯಾಗ್ ಹುಡುಕುತ್ತಲೇ ಎತ್ತಿಕೊಂಡೆ.

“ಏನಿಲ್ಲ ಸಾರ್, ಪ್ರಸಾದಕ್ಕೆ ಬನ್ನಿ. ರೇಣುಕಾನೂ ನಡ್ಕೊಂಡು ಬಂದವ್ಳೆ. ಕಂಪ್ಯೂಟರಿಗೆ ಈ ಸಲ ಬರೀ ಹೂವು.”