ಜೀಪು ಹತ್ತಿರ ಮಾಡಿದ ಊರು

ಮಿರ್ಲೆಯ ಗಂಡು ನನ್ನನ್ನು ನೋಡಿಕೊಂಡು ಹೋದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿತ್ತು, ಅವ್ವನೊಬ್ಬಳನ್ನು ಬಿಟ್ಟು. ಗಂಡಿನ ಬಗ್ಗೆ ಅವಳದೇನೂ ತಕರಾರಿರಲಿಲ್ಲ, ದಾರಿಯ ಬಗ್ಗೆ ಇತ್ತು. ಬೆಟ್ಟದಪುರದ ಪಕ್ಕದ ನಮ್ಮ ಹಳ್ಳಿಯಿಂದ ಅಲ್ಲಿಗೆ ಎತ್ತಿನ ಗಾಡಿ ಕಟ್ಟಿದರೆ ಹಗಲು ಪೂರಾ ಬೇಕು. ಬಸ್ಸೆಂದರೆ ಎಲ್ಲೆಲ್ಲೋ ಇಳಿದು ಕಾಯಬೇಕು.

"ಕಾಯ್ಲೆ ಕಸಾಲೆ ಅಂದ್ರೆ ಮಗಳ ಮುಖ ನೋಡಾಕೂ ಆಗಾಕಿಲ್ಲ. ಅಷ್ಟು ದೂರ ಕೊಡಾಕಿಲ್ಲ, ಬುಡಿ," ಎಂದುಬಿಟ್ಟಳು.

ಆದರೆ ಆ ಗಂಡು ಕಾಫಿ ಕುಡಿದ ಲೋಟವನ್ನು ತಾನೇ ಹಿತ್ತಲಿಗೆ ಒಯ್ದು ತೊಳೆದಿಟ್ಟದ್ದು ನನ್ನ ಕಣ್ಣಿಗೆ ಕಟ್ಟಿದಂತಿತ್ತು.

ಆ ವರ್ಷವೇ ಅಣ್ಣ ಹೊಗೆಸೊಪ್ಪು ಸಾಗಿಸಲೆಂದು ಹಳೆಯ ಜೀಪೊಂದನ್ನು ತಂದ. ಅವ್ವ ಅದರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಿರ್ಲೆಯಿಂದ ಸುದ್ದಿ ಬಂತು: ಅಲ್ಲಿದ್ದ ದೊಡ್ಡವ್ವ, ಅಂದರೆ ಅವ್ವನ ಸ್ವಂತ ಅಕ್ಕ, ಜ್ವರ ಬಂದು ಹಾಸಿಗೆ ಹಿಡಿದಿದ್ದಾಳೆ. ಅವ್ವ ಕಣ್ಣೊರೆಸಿಕೊಳ್ಳುತ್ತ ತಾನೇ ಹೋಗಿ ಜೀಪು ಹತ್ತಿದಳು. ಹಿಂದುಗಡೆ ನಾನು, ಜೊತೆಗೆ ಆ ಕಡೆ ನೆಂಟರಿದ್ದ ನಮ್ಮ ಬೀದಿಯ ಹೆಂಗಸರು.

ಅಣ್ಣ ಗೇರು ಬದಲಿಸಿದಾಗಲೆಲ್ಲ ಅವ್ವ ಅವನ ತೋಳು ಹಿಡಿಯುತ್ತಿದ್ದಳು. "ಮೆಲ್ಲುಗೆ ಓಡ್ಸ್ಲಾ! ಅಕ್ಕನ್ನ ನೋಡಾಕೆ ನಾನು ಬದುಕಿರ್ಬೇಕು ಕಣ್ಲಾ!"

ಜೀಪು ನಿಂತಾಗ ಬಿಸಿಲು ಇನ್ನೂ ನೆತ್ತಿಗೇರಿರಲಿಲ್ಲ.

"ಯಾಕ್ಲಾ ನಿಲ್ಲಿಸ್ದೆ? ಕೆಟ್ಟೋಯ್ತಾ?"

"ಮಿರ್ಲೆ ಬಂತು ಕಣವ್ವ."

ದೊಡ್ಡವ್ವನ ಜ್ವರ ಆಗಲೇ ಇಳಿದಿತ್ತು. ಗೋಡೆಗೊರಗಿ ಗಂಜಿ ಕುಡಿಯುತ್ತಿದ್ದವಳು ತಂಗಿಯನ್ನು ಕಂಡು ಬೆಪ್ಪಾದಳು. ಅಕ್ಕತಂಗಿಯರು ಅತ್ತು, ನಕ್ಕು, ಸುಧಾರಿಸಿಕೊಂಡ ಮೇಲೆ ದೊಡ್ಡವ್ವ ಕೇಳಿದಳು: "ಈಗ ಯೋಳು, ನಮ್ಮೂರು ದೂರವಾ?"

ಅವ್ವ ನನ್ನ ಕಡೆ ನೋಡಿದಳು. ತಲೆ ತಗ್ಗಿಸಿದರೂ ನನಗೆ ನಗು ತಡೆಯಲಾಗಲಿಲ್ಲ.

"ಇವಳ್ನ ನೋಡು, ಯಾವಾಗ್ಲೋ ಒಪ್ಕಂಡವ್ಳೆ," ಎಂದವಳು ಅಣ್ಣನಿಗೆ, "ಓಗ್ಲಾ, ಗಂಡಿನ ಮನೆಯೋರ್ಗೆ ಒಪ್ಗೆ ಅಂತ ಯೋಳ್ಬುಟ್ಟು ಬಾ," ಅಂದಳು.

ನಾನು ಸೊಸೆಯಾಗಿ ಬಂದ ಮೇಲೆ ನಮ್ಮ ಬೀದಿಯ ಇನ್ನೂ ಕೆಲವು ಹುಡುಗಿಯರು ಈ ಕಡೆಯ ಮನೆಗಳನ್ನು ತುಂಬಿದರು. ಎತ್ತಿನ ಗಾಡಿಯ ಕಾಲದಲ್ಲಿ ಬಂದ ನೆಂಟರು ವಾರಗಟ್ಟಲೆ ಉಳಿಯುತ್ತಿದ್ದರು. ಅವ್ವ ಮಾತ್ರ ಆಗಾಗ ಬಂದು, ಉಂಡು, ಹೊತ್ತು ಮುಳುಗುವ ಮೊದಲೇ ಹೊರಟುಬಿಡುತ್ತಿದ್ದಳು.

"ಇವತ್ತೊಂದಿನ ಇದ್ದೋಗಿ ಅತ್ತೆ," ಎಂದು ನನ್ನ ಗಂಡ ಎಷ್ಟು ಬೇಡಿಕೊಂಡರೂ ಅವಳದು ಒಂದೇ ಮಾತು: "ನಾಳಿದ್ದು ಬತ್ತೀನಲ್ಲಪ್ಪ!"