ಅಕ್ಕನ ಸೈಕಲ್ಲಿನ ಗೆರೆ

ಓಣಿಯಲ್ಲಿ ನನ್ನನ್ನು ಎಲ್ಲರೂ ಪಾಲಿಶ್ ಎಂದೇ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಹಗಲು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಗಾಜು ತೀಡುತ್ತೇನೆ, ಸಂಜೆ ಮನೆಗೆ ಬಂದು ಹಳೆಯ ಮೌಂಟನ್ ಬೈಕುಗಳನ್ನು ತೀಡುತ್ತೇನೆ. ಮೂವತ್ತು ವರ್ಷದ ಹಿಂದೆ ಜನ ಗುಡ್ಡ ಹತ್ತುತ್ತೇವೆಂದು ಕೊಂಡು, ಗುಡ್ಡದ ಮುಖವನ್ನೂ ನೋಡದೆ ಮೆಟ್ಟಿಲ ಕೆಳಗೆ ತುಕ್ಕು ಹಿಡಿಸಿದ ಸೈಕಲ್ಲುಗಳು ಅವು. ಬಿಚ್ಚಿ, ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬೇರಿಂಗಿನ ಗುಂಡುಗಳಿಗೆ ಹೊಸ ಗ್ರೀಸು ತುಂಬಿ, ಬೇಕಾದವರಿಗೆ ಬೇಕಾದ ಹಾಗೆ ಮತ್ತೆ ಜೋಡಿಸುತ್ತೇನೆ. ಬಾಲ್ಕನಿಯಲ್ಲಿ ಬಟ್ಟೆ ಒಣಗುವ ತಂತಿಯ ಪಕ್ಕದಲ್ಲೇ ಒಂದು ಫ್ರೇಮು ನೇತಾಡುತ್ತಿರುತ್ತದೆ. "ಅಂಗಿಗೆ ಗ್ರೀಸ್ ಹತ್ತಿದ್ರೆ ನನ್ನ ಕೇಳ್ಬೇಡಿ, ಅಲ್ಲಿ ನೇತಾಡ್ತಿದಾಳಲ್ಲ ನಿಮ್ಮ ಎರಡನೇ ಹೆಂಡ್ತಿ, ಅವಳನ್ನ ಕೇಳಿ" ಎನ್ನುತ್ತಾಳೆ ನನ್ನ ಹೆಂಡತಿ.

ಆದರೆ ನಾನು ಹೇಳಹೊರಟಿದ್ದು ಅಕ್ಕನ ವಿಷಯ. ತಪ್ಪು ನನ್ನದಾದ್ದರಿಂದ ನಡುವೆ ನಾನೂ ಬರುತ್ತೇನೆ.

ಅಕ್ಕ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಇಪ್ಪತ್ತಾರು ವರ್ಷ ಅದೇ ಮೇಜು, ಅದೇ ಕತ್ತರಿ. ಆರು ಪದರ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಾಕಿದಳೆಂದರೆ ಗೆರೆಯಿಂದ ಒಂದು ನೂಲಿನಷ್ಟೂ ಆಚೀಚೆ ಹೋಗುವುದಿಲ್ಲ. ಮಾತೂ ಹಾಗೆಯೇ, ಕಡ್ಡಿ ಮುರಿದಂತೆ. ನಾನು ಗಾಜಿನ ಕೆಲಸಕ್ಕೆ ಸೇರಿದ ದಿನ, "ತಿಕ್ಕೋದು ಕಲೀಬಹುದು ಕಣೋ, ಎಲ್ಲಿ ನಿಲ್ಲಿಸ್ಬೇಕು ಅನ್ನೋದನ್ನೂ ಕಲಿ" ಎಂದಿದ್ದಳು. ಅದೊಂದನ್ನು ನಾನು ಕಲಿಯಲಿಲ್ಲ.

ಐವತ್ತೊಂದನೆಯ ವಯಸ್ಸಿನಲ್ಲಿ ಅಕ್ಕನಿಗೆ ಬಸ್ಸಿನ ನೂಕುನುಗ್ಗಲು ಸಾಕಾಯಿತು. "ನನಗೂ ಒಂದು ಸೈಕಲ್ ಮಾಡ್ಕೊಡು" ಎಂದಳು. ಭಾವ ನಕ್ಕರು. ಅವರು ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುವವರು. ಅವರ ಅಭಿಪ್ರಾಯಗಳೂ ಹಾಗೆಯೇ, ಒಮ್ಮೆ ಒತ್ತಿದರೆ ಅಳಿಸುವುದಿಲ್ಲ. "ಈ ವಯಸ್ಸಲ್ಲಿ ಸೈಕಲ್ಲಾ? ಕೈಕಾಲು ಮುರ್ಕೊಂಡು ಕೂತ್ರೆ ನನ್ನ ಹತ್ರ ಅಳ್ಬೇಡ" ಎಂದರು.

ನಾನಂತೂ ಅಂಗಿಯ ತೋಳು ಮಡಚಿದೆ. ಗುಜರಿಯಲ್ಲಿ ಒಳ್ಳೆಯ ಉಕ್ಕಿನ ಫ್ರೇಮು ಸಿಕ್ಕಿತು. ಅಗಲದ ಸೀಟು, ಮುಂದೊಂದು ಬುಟ್ಟಿ, ಮುಳ್ಳಿಲ್ಲದ ನುಣುಪು ಟೈರು, ಹೊಸ ಬ್ರೇಕು. ಉಳಿದಿದ್ದು ಕತ್ತು. ಹ್ಯಾಂಡಲ್ಲನ್ನು ಹಿಡಿದುಕೊಂಡು ಮುಂದಿನ ಕೊಳವೆಯೊಳಗೆ ಇಳಿಯುವ, ಮಡಚಿದ ಮಂಡಿಯಂಥ ಅಲ್ಯೂಮಿನಿಯಂ ತುಂಡನ್ನು ನಾನು ಕತ್ತು ಎನ್ನುತ್ತೇನೆ. ಒಳಗಿಳಿಯುವ ಅದರ ಕಾಲಿನ ಮೇಲೆ ಸುತ್ತಲೂ ಒಂದು ಸಣ್ಣ ಗೆರೆ ಕೊರೆದಿರುತ್ತದೆ. ಹ್ಯಾಂಡಲ್ ಎಷ್ಟೇ ಎತ್ತರಿಸಿದರೂ ಆ ಗೆರೆ ಕೊಳವೆಯ ಒಳಗೇ ಇರಬೇಕು. ಹೊರಗೆ ಕಂಡರೆ ಒಳಗೆ ಹಿಡಿತ ಸಾಲದು, ಓಡಿಸುವವರ ಗತಿ ದೇವರಿಗೇ ಪ್ರೀತಿ. ಈ ಕಸುಬಿನಲ್ಲಿ ಇದು ಅ ಆ ಇ ಈ.

ಆ ಕತ್ತು ಗೀರುಬಿದ್ದು ಮಂಕಾಗಿತ್ತು. ಒರಟು ಕಾಗದ, ಸಣ್ಣ ಕಾಗದ, ಅದಕ್ಕಿಂತ ಸಣ್ಣದು, ಆಮೇಲೆ ಪಾಲಿಶ್ ಮುಲಾಮು ಎಂದು ಎರಡು ಭಾನುವಾರ ತಿಕ್ಕಿದೆ. ಮೇಲಿನ ಭಾಗ ಹೊಳೆಯಿತು. ಒಳಗೆ ಹೋಗುವ ಕಾಲನ್ನು ಯಾರೂ ನೋಡುವುದಿಲ್ಲ, ಅಲ್ಲಿಗೇ ಬಿಡಬಹುದಿತ್ತು. ಗೀರು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ತಿಕ್ಕಿದೆ. ಗೆರೆ ತೆಳುವಾಯಿತು. 'ಎಲ್ಲಿತ್ತು ಅಂತ ನನಗೆ ಗೊತ್ತಲ್ಲ' ಎಂದುಕೊಂಡು ಇನ್ನೂ ತಿಕ್ಕಿದೆ. ಗೆರೆ ಹೋಯಿತು.

ಸೈಕಲ್ ನೋಡಿ ಅಕ್ಕ ಕತ್ತಿನ ಮೇಲೆ ಬೆರಳಾಡಿಸಿ, "ಹೊಳಪೇನೋ ಚೆನ್ನಾಗಿ ಬಂದಿದೆ" ಎಂದಳು. ಅವಳ ಬಾಯಿಂದ ಅಷ್ಟು ಬರುವುದೇ ಹೆಚ್ಚು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ವಾರ ಕಳೆದ ಮೇಲೆ ಬಗ್ಗಿ ಬಗ್ಗಿ ಬೆನ್ನು ನೋಯುತ್ತದೆಂದು ಹ್ಯಾಂಡಲ್ ಎತ್ತರಿಸಲು ಹೇಳಿದಳು. ಎರಡು ಬೆರಳು ಏರಿಸಿದೆ. ತಿಂಗಳಾದ ಮೇಲೆ, "ಇನ್ನೊಂಚೂರು" ಎಂದಳು. ಸ್ಪ್ಯಾನರ್ ಹಿಡಿದು ನಿಂತೆ. ಗೆರೆ ಎಲ್ಲಿತ್ತೆಂಬುದು ನನಗೆ ಖಚಿತವಾಗಿ ನೆನಪಿರಲಿಲ್ಲ. ತಗಡಿನ ಡಬ್ಬದಲ್ಲಿ ಉದ್ದನೆಯ ಉಕ್ಕಿನ ಕತ್ತೊಂದು ಬಿದ್ದಿತ್ತು. ಕಪ್ಪು, ಕುರೂಪಿ, ಆದರೆ ಗೆರೆ ಇದ್ದದ್ದು. ಅದನ್ನು ಹಾಕಿದ್ದರೆ ಮುಗಿದಿತ್ತು. ಅಷ್ಟು ಹೊಳಪಿನ ಸೈಕಲ್ಲಿಗೆ ಆ ಕೊರಡು ಹಾಕಲು ನನಗೆ ಮನಸ್ಸು ಬರಲಿಲ್ಲ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಹೊಳೆಯುವುದನ್ನೇ ಇನ್ನೊಂದು ಬೆರಳು ಏರಿಸಿ, ಬಿಗಿದು, "ಆಯ್ತು ನೋಡಕ್ಕ" ಎಂದೆ.

ಅದಾದ ಹನ್ನೊಂದನೆಯ ದಿನ ಬೆಳಿಗ್ಗೆ ರೈಲು ಸೇತುವೆಯ ಕೆಳಗಿನ ಇಳಿಜಾರಿನಲ್ಲಿ ಅಕ್ಕ ಬಿದ್ದಳು. ನನ್ನ ಅಂಗಡಿ ಅಲ್ಲಿಗೆ ಹತ್ತಿರ, ಸುದ್ದಿ ಕೇಳಿ ಓಡಿದೆ. ಯಾರೋ ಅವಳನ್ನು ಆಟೋದಲ್ಲಿ ಕೂರಿಸಿದ್ದರು, ಬಲಗೈ ಮಡಿಲಲ್ಲಿ ವಕ್ರವಾಗಿ ಬಿದ್ದಿತ್ತು. "ತಿರುಗಿಸಿದೆ ಕಣೋ, ಚಕ್ರ ತಿರುಗ್ಲಿಲ್ಲ. ಗಾಬರೀಲಿ ಏನ್ಮಾಡಿದ್ನೋ ಏನೋ" ಎಂದಳು. ಸೈಕಲ್ ಎತ್ತಿದೆ. ಹ್ಯಾಂಡಲ್ ಅಡ್ಡ ತಿರುಗಿತ್ತು. ಬಿದ್ದ ಸೈಕಲ್ಲಿನ ಹ್ಯಾಂಡಲ್ ತಿರುಗುವುದು ಸಾಮಾನ್ಯ, ಯಾರಿಗೂ ಏನೂ ಅನ್ನಿಸಲಿಲ್ಲ. ನಾನು ಹಿಡಿದೆಳೆದರೆ ಕತ್ತು ಬಾಟಲಿಯ ಬಿರಡೆಯಂತೆ ಕೈಗೆ ಬಂತು. ಇವಳು ಬಿದ್ದದ್ದರಿಂದ ಅದು ತಿರುಗಿದ್ದಲ್ಲ. ಅದು ತಿರುಗಿದ್ದರಿಂದ ಇವಳು ಬಿದ್ದಿದ್ದಳು.

ಆಗ ನಾನೇನು ಮಾಡಿದೆ? ಸುತ್ತ ನೋಡಿದೆ. ಕತ್ತನ್ನು ಕೊಳವೆಯೊಳಗೆ ಆಳಕ್ಕೆ ತಳ್ಳಿ, ಜೇಬಿನಲ್ಲಿದ್ದ ಸಣ್ಣ ಸ್ಪ್ಯಾನರಿನಿಂದ ಬಿಗಿದೆ. ಆಮೇಲೆ ಆಟೋ ಹತ್ತಿದೆ.

ಕಟ್ಟು ಬಿಚ್ಚಿದ ಮೇಲೂ ಅಕ್ಕನ ಬೆರಳು ಸರಿಯಾಗಿ ಮಡಚಲಿಲ್ಲ. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ಹೋಗುತ್ತಿತ್ತು, ಒತ್ತಲಾಗುತ್ತಿರಲಿಲ್ಲ. ಅವಳ ಮೇಜಿಗೆ ಬೇರೊಬ್ಬಳು ಬಂದಳು. ಅಕ್ಕನನ್ನು ಗುಂಡಿ ವಿಂಗಡಿಸಲು ಕೂರಿಸಿದರು. ಪ್ರತಿ ಭಾನುವಾರ ಅವಳ ಮನೆಯಲ್ಲಿ ನನಗೂ ಹೆಂಡತಿಗೂ ಊಟ. ಪ್ರತಿ ಭಾನುವಾರ ಭಾವನ ಮುದ್ರೆ: "ಬೇಡ ಅಂದೆ, ಕೇಳಿದ್ಲಾ? ಬ್ರೇಕ್ ಹಿಡಿಯೋಕೆ ಬರಲ್ಲ, ಸೈಕಲ್ ಬೇಕಂತೆ!" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಾದರೂ ಸಿಕ್ಕಿಬೀಳುತ್ತಾನೆ. ನಾನು ಅಷ್ಟೂ ಮಾಡದೆ ತಟ್ಟೆ ನೋಡುತ್ತಿದ್ದೆ. ಒಮ್ಮೆ ನನ್ನ ಹೆಂಡತಿ, "ಸೈಕಲ್ಲಲ್ಲೇ ಏನಾದ್ರೂ ಕೆಟ್ಟಿತ್ತೇನೋ" ಎಂದಳು. ಅಕ್ಕನೇ ತಡೆದಳು: "ಪಾಪ, ಅವನು ಅಷ್ಟು ಆಸೆಯಿಂದ ಮಾಡ್ಕೊಟ್ಟಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಾನು ಹಾಗನ್ನಲ್ಲ." ನಾನು ಇನ್ನೊಂದು ತುತ್ತು ಕಲಸಿದೆ. ಆಗಲೂ ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಕ್ಕ ನನ್ನ ಮನೆಗೆ ಬಂದು, ಬಿದ್ದ ದಿನದಿಂದ ನನ್ನಲ್ಲೇ ಇದ್ದ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡು ಎಂದಳು. ಬಾಲ್ಕನಿಯಲ್ಲಿ ಕುಳಿತು ತಗಡಿನ ಡಬ್ಬವನ್ನು ಎಡಗೈಯಲ್ಲಿ ಕೆದಕುತ್ತಿದ್ದಳು. ಆ ಕಪ್ಪು ಕತ್ತು ಕೈಗೆ ಸಿಕ್ಕಿತು. ಗೆರೆ ನೋಡುವುದೇ ಅವಳ ಕಸುಬು.

"ಇದೇನೋ ಈ ಗೆರೆ?"

ಹೇಳಿದೆ. ಯಾವುದಕ್ಕೆ, ಯಾಕೆ, ಮೀರಿದರೆ ಏನಾಗುತ್ತದೆ, ಎಲ್ಲ.

ಅಕ್ಕ ಗೆರೆಯ ಮೇಲೆ ಉಗುರು ಆಡಿಸುತ್ತಲೇ ಇದ್ದಳು. "ನನ್ನದರಲ್ಲಿ ಎಲ್ಲಿತ್ತು?"

"ತಿಕ್ಕಿಬಿಟ್ಟೆ."

ಅವಳು ಕಪ್ಪು ಕತ್ತನ್ನು ಡಬ್ಬಕ್ಕೆ ಹಾಕಿದಳು. ಆಮೇಲೆ ಹೇಳಿದಳು: "ಬಿದ್ದಿದ್ದು ಹೋಗ್ಲಿ. ಮೂರು ತಿಂಗಳು ನಿಮ್ಮ ಭಾವ ನನ್ನನ್ನ ಅಂತಿದ್ರೆ ನೀನು ಎದುರಿಗೆ ಕೂತು ಉಣ್ತಿದ್ಯಲ್ಲೋ."

ಕಾಲು ಹಿಡಿಯಲು ಹೋದೆ, ಕಾಲು ಸರಿಸಿಕೊಂಡಳು. "ಈ ನಾಟಕ ಬೇಡ. ಬಾ ಮನೆಗೆ. ಅವರ ಮುಂದೆ ಹೇಳು. ನಾನು ಹೇಳಿದ್ರೆ ನೆಲ ಡೊಂಕು ಅಂದ ಹಾಗಾಗುತ್ತೆ."

ಸೈಕಲ್ಲಿನಿಂದ ಆ ಹೊಳೆಯುವ ಕತ್ತು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ಅವಳ ಹಿಂದೆ ನಡೆದೆ. ಊಟದ ಮೇಜಿನ ಮೇಲೆ ಅದನ್ನಿಟ್ಟು ಭಾವನಿಗೆ ಎಲ್ಲ ಹೇಳಿದೆ: ತಿಕ್ಕಿದ್ದು, ಏರಿಸಿದ್ದು, ಸೇತುವೆಯ ಕೆಳಗೆ ಕಳ್ಳನಂತೆ ಒಳಕ್ಕೆ ತಳ್ಳಿದ್ದು. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ.

ಭಾವ ಕನ್ನಡಕ ಏರಿಸಿ, ಕತ್ತನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿದರು. "ಎಲ್ಲಪ್ಪಾ ಗೆರೆ?"

ಅದರಲ್ಲಿ ಅವರ ಮೂಗು ಕಾಣುತ್ತಿತ್ತು, ಗೆರೆ ಕಾಣಲಿಲ್ಲ.

"ಅದೇ ಭಾವ, ನಾನೇ ಅಳಿಸಿದ್ದು. ದೇವರಾಣೆ."

ಭಾವ ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಅವರ ಕಣ್ಣು ಒದ್ದೆಯಾಗಿತ್ತು. "ಅಕ್ಕನ ಮೇಲೆ ಮಾತು ಬರ್ಬಾರ್ದು ಅಂತ ತಪ್ಪನ್ನ ಮೈಮೇಲೆ ಎಳ್ಕೊಳ್ತಿದೀಯ. ತಮ್ಮ ಅಂದ್ರೆ ಹೀಗಿರ್ಬೇಕು. ನಿಜ ಆಗಿದ್ರೆ ಮೂರು ತಿಂಗಳು ನೀನು ಸುಮ್ನಿರ್ತಿದ್ಯಾ? ನಿನ್ನ ನಾನು ನೋಡಿಲ್ವಾ?" ಅಕ್ಕನ ಕಡೆ ತಿರುಗಿ, "ನೋಡೇ, ನಿನಗೋಸ್ಕರ ಸುಳ್ಳು ಹೇಳೋಕೂ ಸಿದ್ಧ ಇವನು. ಇನ್ಮೇಲಾದ್ರೂ ಹೇಳಿದ ಮಾತು ಕೇಳು" ಎಂದರು.

"ಇಲ್ಲ ಭಾವ, ನಿಜ" ಎಂದೆ. ಮತ್ತೆ ಎಂದೆ. ಎಷ್ಟು ಸಲ ಎಂದರೂ ನಾನು ಇನ್ನಷ್ಟು ಒಳ್ಳೆಯವನೇ ಆಗುತ್ತಿದ್ದೆ.

ಅಕ್ಕ ಮೇಜಿನ ಮೇಲಿದ್ದ ಕತ್ತನ್ನು ಎಡಗೈಯಲ್ಲಿ ಎತ್ತಿಕೊಂಡು, ಮಡಚದ ಬಲಗೈ ಬೆರಳನ್ನು ಅದರ ಮೇಲೆ ಮೆಲ್ಲಗೆ ಆಡಿಸಿದಳು.

"ಹೊಳಪೇನೋ ಚೆನ್ನಾಗಿ ಬಂದಿದೆ" ಎಂದಳು. ಅದನ್ನು ನನ್ನ ಕೈಗಿಟ್ಟು, ಭಾವನಿಗೆ ತಟ್ಟೆ ಹಾಕಲು ಒಳಗೆ ಹೋದಳು.